ಮುಂಜಾಗ್ರತೆಗೆ ವಿಧಿಸಿದ ಸುಂಕ

1861ರ ಜೂನ್ 22, ಶನಿವಾರ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಹೊಂದಿಕೊಂಡಿರುವ ಟೂಲಿ ಬೀದಿಯ ಗೋದಾಮೊಂದರಲ್ಲಿ ಸಂಜೆಯ ಹೊತ್ತಿಗೆ ಹೊಗೆ ಕಾಣಿಸಿಕೊಂಡಿತು. ಹಡಗುಗಳಿಂದ ಇಳಿಸಿದ ಸರಕನ್ನೆಲ್ಲ ಪೇರಿಸಿಡುತ್ತಿದ್ದ ಜಾಗ ಅದು. ಬಂಗಾಳದಿಂದ ಬಂದ ಸೆಣಬು, ಹತ್ತಿಯ ಮೂಟೆಗಳು, ಸಕ್ಕರೆ, ಚಹಾ, ಸಾಂಬಾರ ಪದಾರ್ಥ, ಮೋಂಬತ್ತಿಗೆ ಬೇಕಾದ ಪ್ರಾಣಿಗಳ ಕೊಬ್ಬು, ಸಾಲದ್ದಕ್ಕೆ ಪೆಟ್ಲುಪ್ಪು. ಬೆಂಕಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟದಿರಲೆಂದು ಮಾಡಿಸಿದ್ದ ಕಬ್ಬಿಣದ ಬಾಗಿಲುಗಳನ್ನು ಯಾರೂ ಮುಚ್ಚಿರಲಿಲ್ಲ. ಕರಗಿದ ಕೊಬ್ಬು ಉರಿಯುತ್ತಲೇ ನದಿಗೆ ಹರಿದು, ನೀರಿನ ಮೇಲೂ ಬೆಂಕಿ ತೇಲಿತು. ಕತ್ತಲಾಗುವ ಮೊದಲೇ ಗೋದಾಮಿನ ಗೋಡೆಯೊಂದು ಬೀದಿಗೆ ಕುಸಿದು ಬಿತ್ತು. ನೀರು ಹಾಯಿಸುತ್ತಿದ್ದ ತನ್ನ ಜನರ ಯೋಗಕ್ಷೇಮ ನೋಡಲು ಅಲ್ಲಿಗೆ ಬಂದಿದ್ದ ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಅದರಡಿ ಸಿಕ್ಕಿ ಸತ್ತ. ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು. ನಷ್ಟ ಸುಮಾರು 20 ಲಕ್ಷ ಪೌಂಡು.

ಬ್ರೇಡ್‌ವುಡ್‌ನ ಶವಯಾತ್ರೆ ಒಂದೂವರೆ ಮೈಲಿ ಉದ್ದವಿತ್ತಂತೆ. ರಾಜಮರ್ಯಾದೆಗೆ ಕಡಿಮೆಯಿಲ್ಲದ ಆ ಗೌರವ ಪಡೆದ ವ್ಯಕ್ತಿ ಸರ್ಕಾರದ ಅಧಿಕಾರಿಯಾಗಿರಲಿಲ್ಲ, ನಗರಸಭೆಯ ನೌಕರನೂ ಆಗಿರಲಿಲ್ಲ. ಅವನಿಗೆ ಸಂಬಳ ಕೊಡುತ್ತಿದ್ದುದು ವಿಮಾ ಕಂಪನಿಗಳು. ಅಂದು ಜಗತ್ತಿನ ಅತ್ಯಂತ ಶ್ರೀಮಂತ ನಗರವೆನಿಸಿದ್ದ ಲಂಡನ್ನಿನ ಬೆಂಕಿ ಆರಿಸುವ ಹೊಣೆಯನ್ನು ಕೆಲವು ಖಾಸಗಿ ಕಂಪನಿಗಳು ಹೊತ್ತುಕೊಂಡಿದ್ದವು. ಅದೇ ಕಂಪನಿಗಳ ಕೈಯಿಂದ ಸರ್ಕಾರ ಪ್ರತಿವರ್ಷ ಲಕ್ಷಾಂತರ ಪೌಂಡು ಸುಂಕವನ್ನೂ ವಸೂಲು ಮಾಡುತ್ತಿತ್ತು. ವಿಮಾ ಕಂಪನಿಗಳ ಮೇಲೆ ಬಿದ್ದ ಇಂತಹ ಸುಂಕ, ಶುಲ್ಕ, ವಂತಿಗೆಗಳು ಹೇಗೆ ಹುಟ್ಟಿದವು, ಅವುಗಳನ್ನು ತೆಗೆದುಹಾಕುವುದು ಏಕೆ ಅಷ್ಟು ಕಷ್ಟವಾಯಿತು ಎಂಬ ಕತೆ ಸ್ವಾರಸ್ಯಕರವಾಗಿದೆ. ಹೆಸರಿಗೆ ಅದು ಕಂಪನಿಗಳ ಕತೆ. ಹಣ ಹೋಗುತ್ತಿದ್ದುದು ಮಾತ್ರ ಮನೆಗೆ, ಅಂಗಡಿಗೆ, ಬಣವೆಗೆ ವಿಮೆ ಮಾಡಿಸಿದ ಸಾಮಾನ್ಯರ ಜೇಬಿನಿಂದ.

ಇದರ ಮೂಲಕ್ಕೆ ಹೋಗಬೇಕಾದರೆ 1666ಕ್ಕೆ ಹೋಗಬೇಕು. ಆ ವರ್ಷದ ಸೆಪ್ಟೆಂಬರ್ 2ರಂದು ಪುಡ್ಡಿಂಗ್ ಲೇನ್ ಎಂಬ ಓಣಿಯ ರೊಟ್ಟಿ ಬೇಯಿಸುವವನ ಮನೆಯಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕು ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಬೂದಿಯಾದ ಮನೆಗೂ ಬಾಡಿಗೆ ಕೊಡಬೇಕೇ, ಮತ್ತೆ ಕಟ್ಟಿಸುವ ಹೊಣೆ ಮಾಲೀಕನದೋ ಬಾಡಿಗೆದಾರನದೋ ಎಂಬ ಜಗಳಗಳನ್ನು ತೀರಿಸಲು ಪ್ರತ್ಯೇಕ ನ್ಯಾಯಾಲಯವನ್ನೇ ತೆರೆಯಬೇಕಾಯಿತು. ನಗರವನ್ನು ಮತ್ತೆ ಕಟ್ಟುವಾಗ ಕೈತುಂಬ ಹಣ ಮಾಡಿಕೊಂಡವರಲ್ಲಿ ನಿಕೊಲಸ್ ಬಾರ್ಬನ್ ಒಬ್ಬ. ಓದಿದ್ದು ವೈದ್ಯ, ಮಾಡಿದ್ದು ಕಟ್ಟಡದ ವ್ಯಾಪಾರ. 1680ರ ಹೊತ್ತಿಗೆ ಅವನೂ ಅವನ ಪಾಲುದಾರರೂ ಸೇರಿ ಮನೆಗಳಿಗೆ ಬೆಂಕಿ ವಿಮೆ ಮಾಡುವ ಕಚೇರಿ ತೆರೆದರು. ಇಟ್ಟಿಗೆಯ ಮನೆಯಾದರೆ ವರ್ಷದ ಬಾಡಿಗೆಯ ಶೇಕಡ ಎರಡೂವರೆ, ಮರದ ಮನೆಯಾದರೆ ಶೇಕಡ ಐದು. ಅಪಾಯ ಹೆಚ್ಚಿದ್ದಷ್ಟೂ ಕಂತು ಹೆಚ್ಚು ಎಂಬ ಈ ನಿಯಮ ವಿಮೆಯ ಜೀವಾಳ. ಮುಂದೆ ಸರ್ಕಾರ ಇದನ್ನು ಹೇಗೆ ತಲೆಕೆಳಗು ಮಾಡಿತೆಂಬುದನ್ನು ನೋಡಲಿದ್ದೇವೆ.

ವಿಮೆ ಮಾಡಿದ ಮನೆ ಸುಟ್ಟರೆ ಕಂಪನಿಗೆ ನಷ್ಟ. ಆದ್ದರಿಂದ ಬೆಂಕಿ ಆರಿಸುವುದೂ ಕಂಪನಿಯ ಕೆಲಸವೇ ಆಯಿತು. 1696ರ ಹ್ಯಾಂಡ್ ಇನ್ ಹ್ಯಾಂಡ್, 1710ರ ಸನ್ ಫೈರ್ ಆಫೀಸ್ ಮುಂತಾದ ಕಂಪನಿಗಳು ತಮ್ಮ ತಮ್ಮ ಪಡೆಗಳನ್ನು ಇಟ್ಟುಕೊಂಡವು. ಪಡೆಗೆ ಸೇರುತ್ತಿದ್ದವರು ಬಹುಮಟ್ಟಿಗೆ ಥೇಮ್ಸ್ ನದಿಯ ಅಂಬಿಗರು. ಉಳಿದ ಹೊತ್ತು ದೋಣಿ ನಡೆಸುವುದು, ಗಂಟೆ ಬಾರಿಸಿದರೆ ಬಣ್ಣದ ಅಂಗಿ ತೊಟ್ಟು, ಕಂಪನಿಯ ಬಿಲ್ಲೆ ಕಟ್ಟಿಕೊಂಡು ಓಡುವುದು. ಇಷ್ಟಕ್ಕೆ ಅವರಿಗೆ ಸಿಗುತ್ತಿದ್ದ ದೊಡ್ಡ ಸವಲತ್ತೆಂದರೆ ನೌಕಾಪಡೆಗೆ ಬಲವಂತವಾಗಿ ಎಳೆದೊಯ್ಯುವವರಿಂದ ವಿನಾಯಿತಿ. ವಿಮೆಯಾದ ಮನೆಯ ಗೋಡೆಗೆ ಕಂಪನಿಯ ಲಾಂಛನವಿರುವ ಸೀಸದ ತಗಡನ್ನು ಹೊಡೆಯುತ್ತಿದ್ದರು. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಕೈ ಕುಲುಕುತ್ತಿರುವ ಎರಡು ಹಸ್ತ.

ತಗಡಿಲ್ಲದ ಮನೆಗೆ ಬೆಂಕಿ ಬಿದ್ದರೆ ಈ ಪಡೆಗಳು ಕೈಕಟ್ಟಿ ನಿಂತು ನೋಡುತ್ತಿದ್ದವು ಎಂಬ ಕತೆ ಬಹಳ ಪ್ರಸಿದ್ಧ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ವಿಮೆ ಇಲ್ಲದ ಮನೆಯ ಬೆಂಕಿ ವಿಮೆ ಇರುವ ಮನೆಗೆ ಹಾರಲು ಎಷ್ಟು ಹೊತ್ತು ಬೇಕು? ಕಂಡ ಬೆಂಕಿಯನ್ನೆಲ್ಲ ಆರಿಸುವುದೇ ಕಂಪನಿಗೆ ಲಾಭ. ಹೀಗಾಗಿ ವಿಮೆ ಮಾಡಿಸದವನಿಗೂ ಪುಕ್ಕಟೆಯಾಗಿ ರಕ್ಷಣೆ ದೊರೆಯಿತು. ಅದರ ಖರ್ಚನ್ನು ಕೊಡುತ್ತಿದ್ದವನು ಪಕ್ಕದ ಮನೆಯಲ್ಲಿ ಕಂತು ಕಟ್ಟುತ್ತಿದ್ದವನು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಮುನ್ನೂರು ವರ್ಷಗಳ ಜಗಳವೆಲ್ಲ ಇದರ ಸುತ್ತಲೇ ಇದೆ.

ಇನ್ನು ಸರ್ಕಾರದ ಕಡೆ ನೋಡೋಣ. ಫ್ರಾನ್ಸಿನೊಡನೆ ಯುದ್ಧಕ್ಕೆ ಹಣ ಬೇಕಾಗಿ 1694ರಲ್ಲಿ ಇಂಗ್ಲೆಂಡ್ ಮುದ್ರಾಂಕ ಶುಲ್ಕವನ್ನು ತಂದಾಗ ವಿಮಾಪತ್ರವೂ ಅದರ ಬಲೆಗೆ ಬಿತ್ತು. ಅದು ಅಲ್ಪ ಮೊತ್ತ, ಪತ್ರ ಬರೆಸುವಾಗ ಕೊಟ್ಟರೆ ಮುಗಿಯಿತು. ಇಂತಹ ಶುಲ್ಕ ನಮ್ಮ 1899ರ ಭಾರತೀಯ ಮುದ್ರಾಂಕ ಕಾಯ್ದೆಯ ಪಟ್ಟಿಯಲ್ಲೂ ಇದೆ. ನಿಜವಾದ ಹೊರೆ ಬಂದದ್ದು 1782ರಲ್ಲಿ. ಅಮೆರಿಕದ ವಸಾಹತುಗಳು ಕೈತಪ್ಪುತ್ತಿದ್ದವು, ಯುದ್ಧದ ಸಾಲ ಬೆಳೆಯುತ್ತಿತ್ತು. ಪ್ರಧಾನಿ ಲಾರ್ಡ್ ನಾರ್ತ್ ಬೆಂಕಿ ವಿಮೆಯ ಮೇಲೆ ವಾರ್ಷಿಕ ಸುಂಕ ಹಾಕಿದ. ವಿಮೆ ಮಾಡಿಸಿದ ಪ್ರತಿ ನೂರು ಪೌಂಡಿಗೆ ವರ್ಷಕ್ಕೆ ಒಂದೂವರೆ ಶಿಲಿಂಗ್. ನಾರ್ತ್ ಕೆಲವೇ ದಿನಗಳಲ್ಲಿ ಅಧಿಕಾರ ಬಿಟ್ಟ, ಆ ಯುದ್ಧ ಮರುವರ್ಷ ಮುಗಿಯಿತು. ಸುಂಕ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ನೆಪೋಲಿಯನ್ ಕಾಲದ ಯುದ್ಧಗಳ ಜೊತೆಗೆ ಅದೂ ಬೆಳೆಯಿತು. 1797ರಲ್ಲಿ ಎರಡು ಶಿಲಿಂಗ್, 1804ರಲ್ಲಿ ಎರಡೂವರೆ, 1815ರಲ್ಲಿ ಮೂರು. ವಾಟರ್‌ಲೂ ಕದನ ಮುಗಿದು ಅರ್ಧ ಶತಮಾನವಾದರೂ ಆ ಮೂರು ಶಿಲಿಂಗ್ ಇಳಿಯಲಿಲ್ಲ.

ಮೂರು ಶಿಲಿಂಗ್ ಎಂದರೆ ಹೆಚ್ಚೇ ಕಡಿಮೆಯೇ? ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು, ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್. ನಮ್ಮ ಹಳೆಯ ರೂಪಾಯಿ ಆಣೆ ಪೈಗಳ ಹಾಗೆ. ಇಟ್ಟಿಗೆಯ ಗೋಡೆ, ಹಂಚಿನ ಮಾಡು ಇರುವ ಸಾಮಾನ್ಯ ಮನೆಗೆ ಕಂಪನಿ ಕೇಳುತ್ತಿದ್ದ ಕಂತು ನೂರು ಪೌಂಡಿಗೆ ಒಂದೂವರೆ ಶಿಲಿಂಗ್ ಆಸುಪಾಸು. ಐನೂರು ಪೌಂಡು ಬೆಲೆಯ ಮನೆಗೆ ಕಂತು ಏಳೂವರೆ ಶಿಲಿಂಗ್, ಸುಂಕ ಹದಿನೈದು ಶಿಲಿಂಗ್. ಅಸಲಿಗಿಂತ ಬಡ್ಡಿ ಇಮ್ಮಡಿ ಎನ್ನುತ್ತಾರಲ್ಲ, ಹಾಗೆ. ಇದಕ್ಕೆ ಬದಲು ಸದಾ ಒಲೆ ಉರಿಯುವ ಸಕ್ಕರೆ ಕಾರ್ಖಾನೆಯೊಂದನ್ನು ತೆಗೆದುಕೊಳ್ಳಿ. ಅಪಾಯ ಹೆಚ್ಚಾದ್ದರಿಂದ ಅದರ ಕಂತು ನೂರಕ್ಕೆ ಒಂದು ಪೌಂಡು ಎಂದಿಟ್ಟುಕೊಂಡರೆ, ಐನೂರಕ್ಕೆ ಐದು ಪೌಂಡಾಯಿತು. ಸುಂಕ ಅದೇ ಹದಿನೈದು ಶಿಲಿಂಗ್, ಅಂದರೆ ಕಂತಿನ ಶೇಕಡ ಹದಿನೈದು ಮಾತ್ರ. ಮರದ ಮನೆಯವನಿಗೆ ಹೆಚ್ಚು, ಇಟ್ಟಿಗೆಯ ಮನೆಯವನಿಗೆ ಕಡಿಮೆ ಎಂದು ಬಾರ್ಬನ್ ಹಾಕಿಕೊಟ್ಟ ಲೆಕ್ಕ ಇಲ್ಲಿ ಬುಡಮೇಲಾಯಿತು. ಎಷ್ಟು ಜಾಗರೂಕತೆಯಿಂದ ಮನೆ ಕಟ್ಟಿಸಿಕೊಂಡರೆ ಕಂತಿನ ಮೇಲೆ ಅಷ್ಟು ದೊಡ್ಡ ಸುಂಕ!

ಪರಿಣಾಮ ಊಹಿಸಬಹುದಾದದ್ದೇ. ಆಡಂ ಸ್ಮಿತ್ 1776ರಲ್ಲೇ, ಅಂದರೆ ಈ ಸುಂಕ ಬರುವುದಕ್ಕೂ ಮೊದಲೇ, ಇಡೀ ದೇಶವನ್ನು ಲೆಕ್ಕ ಹಿಡಿದರೆ ಇಪ್ಪತ್ತು ಮನೆಗಳಲ್ಲಿ ಹತ್ತೊಂಬತ್ತಕ್ಕೆ, ಬಹುಶಃ ನೂರರಲ್ಲಿ ತೊಂಬತ್ತೊಂಬತ್ತಕ್ಕೆ, ಬೆಂಕಿ ವಿಮೆ ಇಲ್ಲವೆಂದು ಬರೆದಿದ್ದ. ವಿಮೆ ಮಾಡಿಸುವ ಅಭ್ಯಾಸವೇ ಇನ್ನೂ ಬೇರೂರದ ನಾಡಿನಲ್ಲಿ ಅದರ ಬೆಲೆಯನ್ನು ಎರಡು ಮೂರು ಪಟ್ಟು ಏರಿಸಿದರೆ ಜನ ಏನು ಮಾಡುತ್ತಾರೆ? ಮಾಡಿಸುವವರೂ ಸಾವಿರ ಪೌಂಡಿನ ಸೊತ್ತಿಗೆ ಐನೂರರ ವಿಮೆ ಮಾಡಿಸಿ ದೇವರ ಮೇಲೆ ಭಾರ ಹಾಕುತ್ತಾರೆ. ಸುಂಕ ಕೊಟ್ಟವರಿಗೆ ಅದು ಬೊಕ್ಕಸಕ್ಕೆ ಹೋಗುವ ಹಣವೆಂದು ಬೇರೆಯಾಗಿ ತೋರುತ್ತಲೂ ಇರಲಿಲ್ಲ. ಕಂತಿನ ಜೊತೆಗೆ ಕಂಪನಿಯೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತಿತ್ತು, ಆ ಶ್ರಮಕ್ಕೆ ಒಂದಿಷ್ಟು ಕಮಿಷನ್ನನ್ನೂ ಪಡೆಯುತ್ತಿತ್ತು. ತೆರಿಗೆಯ ಅಧಿಕಾರಿ ಮನೆಬಾಗಿಲಿಗೆ ಬಂದರೆ ಜನ ಬಯ್ಯುತ್ತಾರೆ. ವಿಮೆಯ ಚೀಟಿಯೊಳಗೆ ಅಡಗಿ ಬಂದರೆ ಕಂಪನಿಯನ್ನು ಬಯ್ಯುತ್ತಾರೆ. ಹಣಕಾಸು ಮಂತ್ರಿಗಳಿಗೆ ಇದಕ್ಕಿಂತ ಪ್ರಿಯವಾದ ಏರ್ಪಾಟು ಬೇರೊಂದಿರಲಾರದು.

ಮೊದಲು ಸಡಿಲವಾದದ್ದು ರೈತರಿಗೆ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ಒಕ್ಕಣೆ ಯಂತ್ರಗಳನ್ನು ಮುರಿದರು, ರಾತ್ರೋರಾತ್ರಿ ಬಣವೆಗಳಿಗೆ ಬೆಂಕಿ ಇಟ್ಟರು. ಭೂಮಾಲೀಕರೇ ತುಂಬಿದ್ದ ಸಂಸತ್ತಿಗೆ ಬಣವೆ ಸುಡುವುದರ ಬಿಸಿ ತಟ್ಟದೆ ಇದ್ದೀತೇ? 1833ರಲ್ಲಿ ಬೇಸಾಯದ ದಾಸ್ತಾನಿಗೆ ಸುಂಕದಿಂದ ವಿನಾಯಿತಿ ಸಿಕ್ಕಿತು. ಪಟ್ಟಣದ ಅಂಗಡಿಯವನಿಗೆ ಆ ಭಾಗ್ಯವಿರಲಿಲ್ಲ.

ಅದೇ 1833ರಲ್ಲಿ ಲಂಡನ್ನಿನ ಹತ್ತು ಕಂಪನಿಗಳು ತಮ್ಮ ಬಿಡಿಬಿಡಿ ಪಡೆಗಳನ್ನು ಒಗ್ಗೂಡಿಸಿ ಎಡಿನ್‌ಬರೋದಿಂದ ಬ್ರೇಡ್‌ವುಡ್‌ನನ್ನು ಕರೆಸಿಕೊಂಡವು. ಎಂಬತ್ತು ಜನರ ದಳ. ಬೀದಿಯಲ್ಲಿ ನಿಂತು ನೀರು ಚಿಮುಕಿಸಿದರೆ ಸಾಲದು, ಒಳನುಗ್ಗಿ ಬೆಂಕಿಯ ಬುಡಕ್ಕೇ ನೀರು ಹಾಯಿಸಬೇಕು ಎಂಬುದು ಅವನ ಪಾಠ. ಮರುವರ್ಷವೇ, 1834ರ ಅಕ್ಟೋಬರ್ 16ರ ರಾತ್ರಿ, ಸಂಸತ್ ಭವನ ಹೊತ್ತಿಕೊಂಡಿತು. ಕಾರಣ ಕೇಳಿದರೆ ನಗು ಬರುತ್ತದೆ. ಬೊಕ್ಕಸದ ಲೆಕ್ಕಕ್ಕೆ ಕಚ್ಚು ಹಾಕಿದ ಮರದ ಕಡ್ಡಿಗಳನ್ನು ಶತಮಾನಗಳಿಂದ ಬಳಸುತ್ತಿದ್ದರು. 1826ರಲ್ಲಿ ಬಳಕೆ ನಿಂತಿತು. ಕಡ್ಡಿಗಳ ರಾಶಿ ಹಾಗೇ ಉಳಿಯಿತು. ಎಂಟು ವರ್ಷದ ಮೇಲೆ ಅವನ್ನು ಭವನದ ನೆಲಮಾಳಿಗೆಯ ಒಲೆಗೆ ಹಾಕಿ ಸುಡಲು ಹೋಗಿ ಭವನವನ್ನೇ ಸುಟ್ಟರು. ಕಾಲ ಮುಗಿದ ತೆರಿಗೆ ಲೆಕ್ಕವನ್ನು ಬಹಳ ದಿನ ಇಟ್ಟುಕೊಂಡದ್ದಕ್ಕೆ ಸಂಸತ್ತು ತೆತ್ತ ದಂಡ ಎನ್ನಬಹುದೇನೋ. ಆ ಭವನಕ್ಕೆ ವಿಮೆ ಇರಲಿಲ್ಲ. ಆದರೂ ವಿಮಾ ಕಂಪನಿಗಳ ದಳ ಬಂದು ರಾತ್ರಿಯೆಲ್ಲ ಹೋರಾಡಿ ವೆಸ್ಟ್‌ಮಿನ್‌ಸ್ಟರ್ ಹಾಲನ್ನು ಉಳಿಸಿಕೊಟ್ಟಿತು.

ಸುಂಕ ರದ್ದಾಗಬೇಕೆಂಬ ಕೂಗು 1850ರ ನಂತರ ಜೋರಾಯಿತು. ಡಡ್ಲಿಯಿಂದ ಆರಿಸಿ ಬಂದ ಹೆನ್ರಿ ಬ್ರಿನ್‌ಸ್ಲೆ ಶೆರಿಡನ್ ಎಂಬ ಸದಸ್ಯ ಮೇಲಿಂದ ಮೇಲೆ ಸಂಸತ್ತಿನಲ್ಲಿ ನಿರ್ಣಯ ತಂದ. ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ನೂರಾರು ವಸ್ತುಗಳ ಮೇಲಿನ ಸುಂಕವನ್ನು ಕಿತ್ತೆಸೆದವನು. ಇದೊಂದನ್ನು ಮಾತ್ರ ಬಿಡಲೊಲ್ಲ. ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಮಿಕ್ಕಿ, ಗಲಾಟೆಯಿಲ್ಲದೆ ಬರುವ ವರಮಾನವನ್ನು ಬಿಡುವುದು ಯಾರಿಗೂ ಸುಲಭವಲ್ಲ. ಕೊನೆಗೆ 1864ರಲ್ಲಿ ವ್ಯಾಪಾರದ ದಾಸ್ತಾನಿಗೆ ಮಾತ್ರ ಸುಂಕವನ್ನು ಅರ್ಧಕ್ಕೆ ಇಳಿಸಿ ನೋಡಿದ. 1865ರಲ್ಲಿ ಎಲ್ಲಕ್ಕೂ ಒಂದೂವರೆ ಶಿಲಿಂಗ್ ಆಯಿತು. 1869ರಲ್ಲಿ ರಾಬರ್ಟ್ ಲೋ ಎಂಬ ಹಣಕಾಸು ಮಂತ್ರಿ ಉಳಿದದ್ದನ್ನೂ ತೆಗೆದುಹಾಕಿದ. ಅಮೆರಿಕದ ಯುದ್ಧಕ್ಕೆಂದು ಬಂದ ಸುಂಕ ಹೋಗಲು 87 ವರ್ಷ ಬೇಕಾಯಿತು. ಈ ಲೋ ಎರಡೇ ವರ್ಷದಲ್ಲಿ ಬೆಂಕಿಪೊಟ್ಟಣದ ಮೇಲೆ ತೆರಿಗೆ ಹಾಕಲು ಹೊರಟು, ಬೆಂಕಿಕಡ್ಡಿ ಕಾರ್ಖಾನೆಗಳ ಹೆಣ್ಣುಮಕ್ಕಳೂ ಕೆಲಸಗಾರರೂ ಸಂಸತ್ತಿಗೆ ಮೆರವಣಿಗೆ ಬಂದಾಗ ಹಿಂತೆಗೆದುಕೊಂಡದ್ದು ಬೇರೆ ಕತೆ. ಬೆಂಕಿಯ ಒಂದು ತುದಿಯಲ್ಲಿ ಬಿಟ್ಟದ್ದನ್ನು ಇನ್ನೊಂದು ತುದಿಯಲ್ಲಿ ಹಿಡಿಯಲು ನೋಡಿದ ಪುಣ್ಯಾತ್ಮ.

ಈಗ ಮತ್ತೆ ಟೂಲಿ ಬೀದಿಗೆ ಬರೋಣ. ಆ ಬೆಂಕಿಯ ನಂತರ ಕಂಪನಿಗಳು ನದಿತೀರದ ಗೋದಾಮುಗಳ ಕಂತನ್ನು ಏಕಾಏಕಿ ಏರಿಸಿದವು. ಸಿಟ್ಟಿಗೆದ್ದ ವರ್ತಕರು ಅದೇ ವರ್ಷ ಕಮರ್ಷಿಯಲ್ ಯೂನಿಯನ್ ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡರು. ಇತ್ತ ಹಳೆಯ ಕಂಪನಿಗಳು 1862ರಲ್ಲಿ ಗೃಹಮಂತ್ರಿಗೆ ಪತ್ರ ಬರೆದು, ಇಡೀ ಮಹಾನಗರವನ್ನು ಕಾಯುವ ಹೊಣೆ ಇನ್ನು ತಮ್ಮಿಂದಾಗದೆಂದು ಕೈಮುಗಿದವು. ಮಾತು ನ್ಯಾಯವಾದದ್ದೇ. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. 1865ರ ಮಹಾನಗರ ಅಗ್ನಿಶಾಮಕ ದಳ ಕಾಯ್ದೆ ಬಂತು. 1866ರ ಜನವರಿ 1ರಿಂದ ದಳ ಸಾರ್ವಜನಿಕ ಸಂಸ್ಥೆಯಾಯಿತು. ಖರ್ಚಿಗೆ ಮೂರು ಮೂಲ: ನಗರದ ಮನೆ ಕಂದಾಯದಲ್ಲಿ ಪೌಂಡಿಗೆ ಅರ್ಧ ಪೆನ್ನಿ, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡು, ಮತ್ತು ವಿಮಾ ಕಂಪನಿಗಳಿಂದ ಲಂಡನ್ನಿನಲ್ಲಿ ಅವು ವಿಮೆ ಮಾಡಿದ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡು.

ಗಮನಿಸಬೇಕಾದ ಸಂಗತಿ ಇದು. ಒಂದೇ ವರ್ಷದಲ್ಲಿ ಹಳೆಯ ಸುಂಕ ಅರ್ಧವಾಯಿತು, ಹೊಸ ಶುಲ್ಕ ಹುಟ್ಟಿತು. ಮೊತ್ತದ ದೃಷ್ಟಿಯಿಂದ ಎರಡಕ್ಕೂ ಹೋಲಿಕೆಯಿಲ್ಲ. ಹತ್ತು ಲಕ್ಷಕ್ಕೆ 35 ಎಂದರೆ ನೂರು ಪೌಂಡಿಗೆ ಒಂದು ಪೆನ್ನಿಗೂ ಕಡಿಮೆ. ಹಳೆಯ ಮೂರು ಶಿಲಿಂಗಿನಲ್ಲಿ 36 ಪೆನ್ನಿಗಳಿದ್ದವು. ತಮ್ಮ ದಳವನ್ನು ಸಾಕುವ ಖರ್ಚು ತಪ್ಪಿದ್ದರಿಂದ ಕಂಪನಿಗಳು ಹೆಚ್ಚು ತಕರಾರು ಮಾಡಲಿಲ್ಲ. ಅಂದಿನ ಸಂದರ್ಭಕ್ಕೆ ಇದು ಸಮಂಜಸವಾದ ರಾಜಿಯೇ. ಆದರೆ ಕಾಯ್ದೆಯಲ್ಲಿ ಒಮ್ಮೆ ಅಚ್ಚಾದ ಅಂಕಿ ಕಲ್ಲಿನ ಮೇಲಿನ ಬರಹದ ಹಾಗೆ. ಸಂದರ್ಭ ಸವೆದರೂ ಆ 35 ಪೌಂಡು ಸವೆಯದೆ 21ನೆಯ ಶತಮಾನಕ್ಕೂ ಬಂದಿದೆ. ಲಂಡನ್ ಅಗ್ನಿಶಾಮಕ ದಳದ ಆದಾಯದ ಪಟ್ಟಿಯಲ್ಲಿ ಈ ಬಾಬ್ತು ಇಂದಿಗೂ ಪುಟ್ಟದೊಂದು ಸಾಲು.

ಇಂಗ್ಲೆಂಡಿನಲ್ಲಿ ಪುಟ್ಟದಾಗಿ ಉಳಿದದ್ದು ಅದರ ವಸಾಹತುಗಳಲ್ಲಿ ಹೆಮ್ಮರವಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1884ರಲ್ಲಿ, ವಿಕ್ಟೋರಿಯಾ 1890ರಲ್ಲಿ ಅಗ್ನಿಶಾಮಕ ಮಂಡಳಿಗಳನ್ನು ಸ್ಥಾಪಿಸಿದಾಗ ಸರ್ಕಾರ, ನಗರಸಭೆ, ವಿಮಾ ಕಂಪನಿ ಈ ಮೂವರೂ ಖರ್ಚು ಹಂಚಿಕೊಳ್ಳಬೇಕೆಂದು ಗೊತ್ತುಮಾಡಿದವು. ಕಾಲ ಸರಿದಂತೆ ಸರ್ಕಾರದ ಪಾಲು ತೆಳ್ಳಗಾಗಿ ಕಂಪನಿಗಳ ಪಾಲು ಊದಿಕೊಂಡಿತು. ವಿಕ್ಟೋರಿಯಾದಲ್ಲಿ ಮೆಲ್ಬರ್ನ್ ನಗರದ ದಳದ ಖರ್ಚಿನ ಶೇಕಡ 75, ಹಳ್ಳಿಗಾಡಿನ ದಳದ ಶೇಕಡ 77.5 ಭಾಗವನ್ನು ವಿಮಾ ಕಂಪನಿಗಳೇ ಕೊಡುವ ಸ್ಥಿತಿ ಬಂತು. ಅಷ್ಟು ಹೊತ್ತಿಗೆ ದಳದ ಕೆಲಸವೂ ಬದಲಾಗಿತ್ತು. ರಸ್ತೆ ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದು, ರಾಸಾಯನಿಕ ಚೆಲ್ಲಿದರೆ ಓಡುವುದು, ಹುಲ್ಲುಗಾವಲಿನ ಕಿಚ್ಚನ್ನು ತಡೆಯುವುದು. ಇದಾವುದಕ್ಕೂ ಮನೆಯ ವಿಮಾಪತ್ರಕ್ಕೂ ಸಂಬಂಧವಿಲ್ಲ.

ವಸೂಲಿಯ ರೀತಿಯಂತೂ ಗೋಜಲಿನ ಗೂಡು. ದಳದ ವರ್ಷದ ಆಯವ್ಯಯವನ್ನು ಕಂಪನಿಗಳ ವ್ಯವಹಾರಕ್ಕೆ ತಕ್ಕಂತೆ ಹಂಚುತ್ತಿದ್ದರು. ತನ್ನ ಪಾಲನ್ನು ಯಾವ ಗಿರಾಕಿಯಿಂದ ಎಷ್ಟು ಎತ್ತಬೇಕೆಂಬುದನ್ನು ಕಂಪನಿಯೇ ಅಂದಾಜು ಮಾಡಿಕೊಳ್ಳಬೇಕು. ಅಂದಾಜು ಹೆಚ್ಚಾದರೆ ಗಿರಾಕಿಗೆ ನಷ್ಟ, ಕಡಿಮೆಯಾದರೆ ಕಂಪನಿಗೆ. ಇದರ ಮೇಲೆ 2000ದಿಂದ ಇನ್ನೊಂದು ಗ್ರಹಚಾರ ವಕ್ಕರಿಸಿತು. ಉದಾಹರಣೆಗೆ ಅಂಗಡಿಯೊಂದರ ಕಂತು ನೂರು ಡಾಲರ್, ಅದರ ಮೇಲೆ ಅಗ್ನಿಶಾಮಕ ವಂತಿಗೆ ಐವತ್ತು ಡಾಲರ್ ಎಂದುಕೊಳ್ಳಿ. ಒಟ್ಟು ನೂರೈವತ್ತಕ್ಕೆ ಶೇಕಡ ಹತ್ತು ಸರಕು ಮತ್ತು ಸೇವಾ ತೆರಿಗೆ ಸೇರಿ 165 ಆಯಿತು. ಆ 165ರ ಮೇಲೆ ಮತ್ತೆ ಶೇಕಡ ಹತ್ತು ಮುದ್ರಾಂಕ ಶುಲ್ಕ. ಕೊನೆಗೆ ಕೈಬಿಡುವುದು 181 ಡಾಲರ್ 50 ಸೆಂಟ್. ವಂತಿಗೆಯ ಮೇಲೆ ತೆರಿಗೆ, ತೆರಿಗೆಯ ಮೇಲೆ ಶುಲ್ಕ!

2009ರ ಫೆಬ್ರುವರಿ 7. ಆಸ್ಟ್ರೇಲಿಯಾದ ಜನ ಅದನ್ನು ಕರಾಳ ಶನಿವಾರವೆನ್ನುತ್ತಾರೆ. ವಿಕ್ಟೋರಿಯಾದ ಕಾಡು, ಹುಲ್ಲುಗಾವಲುಗಳಲ್ಲಿ ಎದ್ದ ಬೆಂಕಿಗೆ 173 ಮಂದಿ ಬಲಿಯಾದರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಬೂದಿಯ ನಡುವೆ ನಿಂತವರಲ್ಲಿ ವಿಮೆ ಇಲ್ಲದವರಿದ್ದರು, ಮತ್ತೆ ಮನೆ ಕಟ್ಟಲು ಸಾಲದಷ್ಟೇ ವಿಮೆ ಇದ್ದವರೂ ಇದ್ದರು. ಹಳ್ಳಿಗಾಡಿನ ದಳದಲ್ಲಿದ್ದವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ತನ್ನ ಮನೆಗೆ ವಿಮೆ ಮಾಡಿಸಿ ವಂತಿಗೆ ಕಟ್ಟಿದ ರೈತ, ಆ ಶನಿವಾರ ನೀರಿನ ಲಾರಿ ಹತ್ತಿಕೊಂಡು ಹೋಗಿ ವಂತಿಗೆ ಕಟ್ಟದ ನೆರೆಯವನ ಮನೆಯನ್ನೂ ಉಳಿಸಲು ಹೋರಾಡಿದ್ದ. ಹೋರಾಡಿದ್ದಕ್ಕೆ ಅವನಿಗೆ ಬೇಸರವಿರಲಾರದು. ಎರಡೂ ಹೊರೆ ಒಬ್ಬನ ತಲೆಯ ಮೇಲೇಕೆ ಎಂಬ ಪ್ರಶ್ನೆ ಮಾತ್ರ ಹಾಗೇ ಇತ್ತು. ದುರಂತದ ವಿಚಾರಣೆಗೆ ನೇಮಕವಾದ ರಾಯಲ್ ಕಮಿಷನ್ 2010ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ 64ನೆಯ ಶಿಫಾರಸು ಇದಕ್ಕೇ ಮೀಸಲು: ವಿಮೆಯ ಮೇಲಿನ ವಂತಿಗೆಯನ್ನು ತೆಗೆದು, ಆಸ್ತಿ ಇರುವವರೆಲ್ಲರಿಂದಲೂ ಸಂಗ್ರಹಿಸಿ. 2013ರ ಜುಲೈ 1ರಂದು ಅದು ಜಾರಿಗೆ ಬಂತು. ಮನೆಗೆ 100 ಡಾಲರ್, ಇತರ ಆಸ್ತಿಗೆ 200 ಡಾಲರ್ ಮತ್ತು ಅದರ ಮೇಲೆ ಆಸ್ತಿಯ ಬೆಲೆಗೆ ತಕ್ಕಂತೆ ಒಂದಿಷ್ಟು, ಎಲ್ಲವೂ ನಗರಸಭೆಯ ಕಂದಾಯದ ಜೊತೆಗೇ. ವಂತಿಗೆ ಹೋದರೂ ಕಂತು ಇಳಿಸದೆ ಕಂಪನಿಗಳು ಜೇಬಿಗಿಳಿಸಿಯಾವೆಂಬ ಅನುಮಾನದಿಂದ ಅರ್ಥಶಾಸ್ತ್ರಜ್ಞ ಅಲನ್ ಫೆಲ್ಸ್ ಅವರನ್ನು ಕಾವಲಿಗೆ ನೇಮಿಸಿದ್ದರು. ಬುದ್ಧಿವಂತಿಕೆಯ ಕೆಲಸ.

ಇದನ್ನು ನೋಡಿ ನೆರೆಯ ನ್ಯೂ ಸೌತ್ ವೇಲ್ಸ್ ಕೂಡ 2015ರ ಡಿಸೆಂಬರಿನಲ್ಲಿ ವಂತಿಗೆ ರದ್ದಿನ ಘೋಷಣೆ ಮಾಡಿತು. 2017ರ ಜುಲೈ 1 ಎಂದು ಮುಹೂರ್ತ ನಿಗದಿಯಾಯಿತು. ಅಲ್ಲಿ ತುರ್ತು ಸೇವೆಗಳ ಖರ್ಚಿನ ಶೇಕಡ 73.7 ಭಾಗ ವಿಮಾ ಕಂಪನಿಗಳ ಮೇಲಿತ್ತು. ಕಾನೂನು ಆಯಿತು, ಕಂಪನಿಗಳು ಕಂತಿನಿಂದ ವಂತಿಗೆಯನ್ನು ಕಳೆಯತೊಡಗಿದವು, ಕಾವಲಿಗೆ ಅಲ್ಲೂ ಫೆಲ್ಸ್ ಅವರೇ ಬಂದರು. ಇನ್ನೊಂದು ತಿಂಗಳಿದೆ ಎನ್ನುವಾಗ, ಮೇ 30ರಂದು, ಮುಖ್ಯಮಂತ್ರಿ ಗ್ಲಾಡಿಸ್ ಬೆರೆಜಿಕ್ಲಿಯನ್ ಅವರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಹೊಸ ಲೆಕ್ಕದಲ್ಲಿ, ಪೂರ್ತಿ ವಿಮೆ ಮಾಡಿಸಿಯೇ ಇದ್ದ ಕೆಲವು ಸಣ್ಣ, ಮಧ್ಯಮ ಉದ್ದಿಮೆಗಳು ಮೊದಲಿಗಿಂತ ಬಹಳ ಹೆಚ್ಚು ಕೊಡಬೇಕಾಗುತ್ತಿತ್ತು. ಯಾರಿಗೂ ಕಾಣದಂತೆ ಕಂತಿನೊಳಗೆ ಅಡಗಿದ್ದ ಹೊರೆಯನ್ನು ಹೊರಗೆಳೆದು ಕಂದಾಯದ ಚೀಟಿಯ ಮೇಲೆ ಬರೆದ ಕೂಡಲೇ ಅದಕ್ಕೆ ಮುಖ ಬಂದಿತ್ತು, ಮುಖ ಕಂಡವರು ಬೊಬ್ಬೆ ಹಾಕಿದ್ದರು. 2023ರ ನವೆಂಬರಿನಲ್ಲಿ ಅಲ್ಲಿನ ಹೊಸ ಸರ್ಕಾರ ವಂತಿಗೆಯನ್ನು ವಿಮೆಯಿಂದ ಬಿಡಿಸುವುದಾಗಿ ಮತ್ತೊಮ್ಮೆ ಪ್ರಕಟಿಸಿತು. ಸುಧಾರಣೆ ಮಾಡಿದ ವಿಕ್ಟೋರಿಯಾವೂ ನೆಮ್ಮದಿಯಾಗಿಲ್ಲ. ಆಸ್ತಿ ವಂತಿಗೆಯನ್ನು 2025ರ ಜುಲೈನಿಂದ ಹಿಗ್ಗಿಸಲು ಹೊರಟಾಗ ರೈತರು ಮೆಲ್ಬರ್ನಿನ ಬೀದಿಗಿಳಿದರು. ಬರಗಾಲದ ಕಾರಣಕ್ಕೆ ಅವರ ಮಟ್ಟಿಗೆ ಏರಿಕೆಯನ್ನು ತಡೆಹಿಡಿಯಬೇಕಾಯಿತು.

ರಾಬರ್ಟ್ ಲೋ ಕಿತ್ತೆಸೆದ ಸುಂಕದ ಗತಿ ಏನಾಯಿತು? 125 ವರ್ಷ ಅದು ಮತ್ತೆ ತಲೆಯೆತ್ತಲಿಲ್ಲ. 1994ರ ಅಕ್ಟೋಬರ್ 1ರಂದು ಬ್ರಿಟನ್ ವಿಮಾ ಕಂತಿನ ಮೇಲೆ ಶೇಕಡ ಎರಡೂವರೆ ತೆರಿಗೆ ಹಾಕಿತು. ಅಷ್ಟು ಅಲ್ಪವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2017ರ ಹೊತ್ತಿಗೆ ಅದು ಶೇಕಡ ಹನ್ನೆರಡಾಗಿತ್ತು.

ವಿಚಿತ್ರವೆಂದರೆ, ಅದೇ 1994ರ ಜುಲೈ 1ರಂದು ನಮ್ಮ ದೇಶದಲ್ಲಿ ಸೇವಾ ತೆರಿಗೆ ಆರಂಭವಾಯಿತು. ಹಣಕಾಸು ಸಚಿವ ಮನಮೋಹನ ಸಿಂಗ್ ಅವರು ಮೊದಲಿಗೆ ಆರಿಸಿಕೊಂಡದ್ದು ಮೂರೇ ಸೇವೆಗಳನ್ನು: ದೂರವಾಣಿ, ಷೇರು ದಲ್ಲಾಳಿಗಳ ಸೇವೆ ಮತ್ತು ಸಾಮಾನ್ಯ ವಿಮೆ. ದರ ಶೇಕಡ ಐದು. ಜೀವವಿಮೆ ಆಮೇಲೆ ಸೇರಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ವಿಮೆಯ ಮೇಲಿನ ದರ ಶೇಕಡ 18 ಮುಟ್ಟಿತು. ಬದುಕಿನ ಅನಿಶ್ಚಿತತೆಗೆ ರಕ್ಷಣೆ ಪಡೆಯುವವನ ಮೇಲೆ ತೆರಿಗೆ ಸರಿಯೇ ಎಂದು 2024ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರೇ ಹಣಕಾಸು ಸಚಿವೆಗೆ ಪತ್ರ ಬರೆದರು. 160 ವರ್ಷದ ಹಿಂದೆ ಶೆರಿಡನ್ ಎತ್ತಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ತಮಗಾಗಿ, ಮನೆಮಂದಿಗಾಗಿ ಮಾಡಿಸುವ ಜೀವವಿಮೆ ಮತ್ತು ಆರೋಗ್ಯ ವಿಮೆಗೆ ತೆರಿಗೆ ಸೊನ್ನೆಯಾಯಿತು. ಮನೆ, ಅಂಗಡಿಗಳ ಬೆಂಕಿ ವಿಮೆ ಆ ಪಟ್ಟಿಗೆ ಸೇರಲಿಲ್ಲ. ತೆರಿಗೆ ದರಗಳನ್ನು ಒಟ್ಟಾರೆಯಾಗಿ ಇಳಿಸುವ ಆ ಸಂದರ್ಭದಲ್ಲಿ ಕರ್ನಾಟಕವೂ ಸೇರಿ ಎಂಟು ರಾಜ್ಯಗಳು ತಮ್ಮ ವರಮಾನದ ಖೋತಾ ತುಂಬುವವರು ಯಾರೆಂದು ಕೇಳಿದ್ದವು.

ಇನ್ನೊಂದು ತೊಡಕೂ ಇತ್ತು. ವಿಮಾ ಕಂಪನಿ ಕಟ್ಟಡದ ಬಾಡಿಗೆಗೆ, ಏಜೆಂಟರ ಕಮಿಷನ್ನಿಗೆ ತೆರಿಗೆ ಕಟ್ಟಿರುತ್ತದೆ. ಗಿರಾಕಿಯಿಂದ ತೆರಿಗೆ ವಸೂಲು ಮಾಡುತ್ತಿದ್ದಾಗ ಅದರಲ್ಲಿ ಇದನ್ನು ಮುರಿದುಕೊಳ್ಳಬಹುದಿತ್ತು. ಗಿರಾಕಿಯ ತೆರಿಗೆ ಸೊನ್ನೆಯಾದ ಮೇಲೆ ಮುರಿದುಕೊಳ್ಳಲು ಏನೂ ಉಳಿಯಲಿಲ್ಲ. ಅಕ್ಟೋಬರ್ ಬರುವಷ್ಟರಲ್ಲಿ ಕೆಲವು ಕಂಪನಿಗಳು, ಕಮಿಷನ್ನಿನಲ್ಲಿ ತೆರಿಗೆಯೂ ಸೇರಿದೆ ಎಂದು ತಿಳಿಯಬೇಕಾಗಿ ತಮ್ಮ ಏಜೆಂಟರಿಗೆ ಸುತ್ತೋಲೆ ಕಳಿಸಿದವು.